ಕಪ್ಪಿನ ಕೆಳಗಿನ ಹಳದಿ

ಮಹಬೂಬನ ಸುದ್ದಿ ಕಾಶಮ್ಮನ ಕಿವಿಗೆ ಮೊದಲು ಬಿದ್ದ ದಿನ ಆಕೆ ಡಚ್ಚರ ದೇಶದ ವೆಲ್ಡ್‌ಹೋವನ್ ಎಂಬ ಊರಿನಲ್ಲಿದ್ದ ಮಗಳ ಮನೆಯಲ್ಲಿ ಅವರೆಕಾಳು ಹಿದುಕುತ್ತ ಕೂತಿದ್ದಳು. ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ಕಲ್ಲಾಗಿದ್ದ ಕಾಳು. ನೀರಲ್ಲಿ ನೆನೆಸಿಟ್ಟರೂ ಒಳಗಿನ ಥಂಡಿ ಬಿಟ್ಟಿರಲಿಲ್ಲ, ಬೆರಳ ತುದಿ ಜೋಮು ಹಿಡಿಯುತ್ತಿತ್ತು. ಅಳಿಯ ರಾಕೇಶ ಸೈಕಲ್ಲನ್ನು ಶೆಡ್ಡಿಗೆ ತಳ್ಳಿ, ಒದ್ದೆ ಜಾಕೆಟ್ಟು ಬಿಚ್ಚುತ್ತ ನಗುತ್ತಲೇ ಒಳಗೆ ಬಂದ.

"ಅಕ್ಷಯಾ, ಇವತ್ತು ಆಫೀಸ್ ಪಾರ್ಕಿಂಗಲ್ಲಿ ಏನು ನೋಡ್ದೆ ಗೊತ್ತಾ? ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು. ಮೈಸೂರು ಸ್ಟೇಟ್ ಅಂತಿದ್ದ ಕಾಲದ ನಂಬರ್ ಪ್ಲೇಟ್ ಸಮೇತ."

"ಯಾರದ್ದು, ಡಚ್ಚರದ್ದಾ?" ಅಂದಳು ಮಗಳು.

"ಅದೇ ಮಜಾ. ನಮ್ಮ ಕಂಪನಿಯ ಮಹಬೂಬ್ ಅವರದ್ದು. ಅದನ್ನ ಮಗು ಥರ ನೋಡ್ಕೋತಾರೆ. ಒಂದು ಸ್ಕ್ರೂ ಬೇಕಾದ್ರೂ ಒರಿಜಿನಲ್ಲೇ ಆಗ್ಬೇಕಂತೆ. ನಿಮ್ಮೂರಿನವರೇ ಅತ್ತೆ, ಚನ್ನಪಟ್ಟಣ. ಅವರ ತಂದೆ ಅಲ್ಲಿ ಅರಗಿನ ಕೆಲಸ ಮಾಡ್ತಿದ್ರಂತೆ."

ಕಾಶಮ್ಮನ ಕೈ ನಿಂತಿತು. "ತಂದೆ ಹೆಸರೇನಂತೆ?"

"ಕೇಳಲಿಲ್ಲ."

"ಕೇಳು. ಬುಡನ್ ಸಾಬ್ರು ಅಂದ್ರೆ, ಅವರ ಶೆಡ್ಡಲ್ಲಿ ಬಣ್ಣ ಹಾಕ್ತಿದ್ದ ಕಾಶಿ ಇಲ್ಲೇ ಇದ್ದಾಳೆ ಅಂತ ಹೇಳು."

"ಅಮ್ಮಾ, ಚನ್ನಪಟ್ಟಣದಲ್ಲಿ ಅರಗಿನ ಕೆಲಸದ ಸಾಬ್ರು ಅವರೊಬ್ಬರೇನಾ?" ಅಂತ ಅಕ್ಷಯಾ ಮೂಗು ಮುರಿದಳು.

"ಮಿಕ್ಕೋರೆಲ್ಲ ಬೊಂಬೆ ಬುಗುರಿ ಮಾಡ್ತಿದ್ರು ಕಣೆ. ಕಾರಿನ ಸಾಮಾನು ಮಾಡ್ತಿದ್ದದ್ದು ಅವರೊಬ್ಬರೇ. ಮಗನಿಗೆ ಕಾರಿನ ಹುಚ್ಚು ಎಲ್ಲಿಂದ ಬರ್ಬೇಕು ಮತ್ತೆ."

ಊಹೆ ಸುಳ್ಳಾಗಲಿಲ್ಲ. ಆ ಶನಿವಾರವೇ ಬಾಗಿಲ ಗಂಟೆ ಹೊಡೆಯಿತು. ಹೊಸ್ತಿಲಲ್ಲಿ ಅರವತ್ತರ ಆಸುಪಾಸಿನ ಮನುಷ್ಯ, ದಪ್ಪ ಕನ್ನಡಕ, ಬೆಳ್ಳಗಾದ ಕುರುಚಲು ಗಡ್ಡ. ಒಳಗೆ ಕಾಲಿಡುವಾಗ ಪಕ್ಕದಲ್ಲಿದ್ದ ಕೊಡೆಗಳ ಡಬ್ಬಿಗೆ ಮೊಣಕಾಲು ತಗುಲಿಸಿಕೊಂಡ. ಕಣ್ಣೆದುರಿನದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ ಎಂಬುದು ಕಾಶಮ್ಮನಿಗೆ ಆಗಲೇ ಗೊತ್ತಾಯಿತು. ಆ ಕಣ್ಣಿಗೆ ಗ್ಲಾಕೋಮಾ ಎಂಬ ಹೆಸರಿದೆ ಅಂತ ಗೊತ್ತಾದದ್ದು ಆಮೇಲೆ.

"ಕಾಶಕ್ಕ?" ಅಂದ ಅವನು.

"ಸಣ್ಣ ಸಾಬ್ರು," ಅಂದಳು ಕಾಶಮ್ಮ. ಶೆಡ್ಡಿನ ಹೆಂಗಸರೆಲ್ಲ ಅವನನ್ನು ಕರೆಯುತ್ತಿದ್ದದ್ದೇ ಹಾಗೆ. ಅಂಗಾಲಿಗೆ ಮರದ ಹೊಟ್ಟು ಮೆತ್ತಿಕೊಂಡು ಓಡಾಡುತ್ತಿದ್ದ ಮಗು. ಕೆಂಡದ ಮಡಕೆಯ ಹತ್ತಿರ ಹೋಗದಂತೆ ಆಕೆ ಎಷ್ಟೋ ಸಲ ಸೊಂಟಕ್ಕೇರಿಸಿಕೊಂಡಿದ್ದಳು. ಆಗ ಅವಳದಿನ್ನೂ ಲಂಗ ದಾವಣಿಯ ವಯಸ್ಸು.

ಮಹಬೂಬ ಕೂತ. ಕಾಫಿ ಲೋಟ ಹಿಡಿದ, ಕುಡಿಯಲಿಲ್ಲ. ಲೋಟ ಕೆಳಗಿಟ್ಟು ಕೇಳಿದ: "ಅಕ್ಕ, ನಮ್ಮ ಅಬ್ಬಾ ಹೇಗಿದ್ರು?"

ಅಂಥ ಪ್ರಶ್ನೆಯನ್ನು ಈ ವಯಸ್ಸಿನ ಗಂಡಸಿನ ಬಾಯಲ್ಲಿ ಕಾಶಮ್ಮ ಕೇಳಿರಲಿಲ್ಲ. ಒಂದು ಫೋಟೋ ಕೂಡ ಇಲ್ಲವಾ ಅಂದಳು. ಇರಲಿಲ್ಲ. ಫೋಟೋ ತೆಗೆಸಿಕೊಳ್ಳುವುದು ಬುಡನ್ ಸಾಬರಿಗೆ ಸರಿಬರುತ್ತಿರಲಿಲ್ಲ. ಮಗ ಒಂದನೇ ಇಯತ್ತೆಗೆ ಹೋಗುವ ಮುಂಚೆಯೇ ಅವರು ಎದೆಯ ಕಾಯಿಲೆಯಲ್ಲಿ ತೀರಿಕೊಂಡರು. ತಾಯಿ ಅವನನ್ನು ಕರೆದುಕೊಂಡು ಬೆಂಗಳೂರಿಗೆ, ಶಿವಾಜಿನಗರದ ತಮ್ಮನ ಮನೆಗೆ ಹೋದಳು. ಮರ ಕಡೆಯುವ ಲೇತು ಯಾರ ಪಾಲಾಯಿತೋ, ಉಳಿಗಳು ಗುಜರಿಗೆ ಹೋದವು, ಶೆಡ್ಡು ಮೈಸೂರು ರಸ್ತೆ ಅಗಲವಾದಾಗ ಅದರ ಅಡಿಗೆ ಹೋಯಿತು. ಮಹಬೂಬನಿಗೆ ನೆನಪಿದ್ದದ್ದು ಲೇತಿನ ಮೇಲೆ ಬಗ್ಗಿದ ಒಂದು ಬೆನ್ನು, ಕರಗಿದ ಅರಗಿನ ವಾಸನೆ, ಅಷ್ಟೇ. ಮಾವನ ಆಸರೆಯಲ್ಲಿ ಓದಿದ, ಎಂಜಿನಿಯರಾದ, ಶಹನಾಜಳನ್ನು ಮದುವೆಯಾದ, ಈ ದೇಶಕ್ಕೆ ಬಂದು ಕಂಪ್ಯೂಟರ್ ಚಿಪ್ ಮಾಡುವ ಯಂತ್ರಗಳ ಕಂಪನಿಯಲ್ಲಿ ಕೂದಲೆಳೆಗಿಂತ ಸಣ್ಣದನ್ನು ಅಳೆಯುವ ಕೆಲಸಕ್ಕೆ ಕೂತ. ಅದೆಲ್ಲ ಆದ ಮೇಲೂ ಒಂದು ಆಸೆ ಉಳಿದಿತ್ತು. ಅಪ್ಪನ ಕೈಯಿಂದ ಬಂದ ಒಂದೇ ಒಂದು ವಸ್ತುವನ್ನು ಅಂಗೈಯಲ್ಲಿ ಹಿಡಿಯಬೇಕು. ಅದಕ್ಕಿಂತ ಜಾಸ್ತಿ ಅವನು ಏನನ್ನೂ ಕೇಳುತ್ತಿರಲಿಲ್ಲ.

ಕಾಶಮ್ಮ ಹೇಳಿದಳು. ಎಡಗೈಯ ಹೆಬ್ಬೆರಳಿನ ಉಗುರು ಸೀಳಿದ್ದದ್ದು, ಮಧ್ಯಾಹ್ನದ ನಮಾಜಿಗೆ ಎದ್ದಾಗ ಮಂಡಿ ಲಟಕ್ಕೆನ್ನುತ್ತಿದ್ದದ್ದು, ಬಯ್ಯುವಾಗ ಮಾತ್ರ ಉರ್ದು ಬರುತ್ತಿದ್ದದ್ದು. ಅವನು ಮೈಯೆಲ್ಲ ಕಿವಿಯಾಗಿ ಕೇಳಿದ. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ: "ಇನ್ನು ಮೇಲೆ ನಾನು ಕೇಳ್ತಾ ಇರ್ತೀನಿ ಅಕ್ಕ. ನನಗೆ ಬೇಜಾರಾಗುತ್ತೆ ಅಂತ ಇಲ್ಲದ್ದು ಸೇರಿಸ್ಬೇಡಿ."

"ಸೇರಿಸೋದಿಲ್ಲ," ಅಂದಳು ಕಾಶಮ್ಮ.

ಮುಂದಿನ ವಾರ ಅವನು ಆಕೆಯನ್ನು ಹೆರಾಲ್ಡಿನಲ್ಲಿ ಸುತ್ತಾಡಿಸಲು ಬಂದ. ಕೆನೆ ಬಣ್ಣದ ಪುಟ್ಟ ಕಾರು, ನಾಚಿಕೊಂಡಂತೆ ಮುಂದಕ್ಕೆ ಬಗ್ಗಿದ ಮೂತಿ. ಹಿಂದೊಮ್ಮೆ ಬೆಂಗಳೂರಿನ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಬಂದಿದ್ದ ಡಚ್ ಎಂಜಿನಿಯರೊಬ್ಬ ಅಲ್ಲಿ ಓಡಿಸುತ್ತಿದ್ದ ಗಾಡಿಯನ್ನೇ ಮದರಾಸಿನಿಂದ ಹಡಗಿಗೆ ಹಾಕಿಸಿ ತಂದಿದ್ದನಂತೆ. ಆತ ಸತ್ತ ಮೇಲೆ ಮಕ್ಕಳಿಗೆ ಅದು ಬೇಡವಾಗಿತ್ತು. ಮೈಸೂರಿನ ನಂಬರ್ ಪ್ಲೇಟು ನೋಡಿದ್ದೇ ಮಹಬೂಬ ಕೊಂಡುಬಿಟ್ಟ.

"ಚಕ್ರದ ಕೆಳಗೆ ಒಂದು ನಿಂಬೆಹಣ್ಣಾದ್ರೂ ಇಟ್ಟಿದ್ಯಾ?" ಅಂತ ಕಾಶಮ್ಮ ಕೇಳಿದಳು. ಅಷ್ಟರಲ್ಲಿ ನೀವು ಹೋಗಿ ನೀನು ಆಗಿತ್ತು.

"ಇಟ್ಟಿದ್ರೆ ನಮ್ಮ ಹ್ಯೂಬ್ ಬಿಡ್ತಿರ್ಲಿಲ್ಲ. ಈ ನಿಂಬೆಹಣ್ಣು ಒರಿಜಿನಲ್ ಅಲ್ಲ, ತೆಗೀರಿ ಅಂತಿದ್ದ."

ಹ್ಯೂಬ್ ಎಂಬಾತ ಹಳೇ ಕಾರಿನವರ ಕ್ಲಬ್ಬಿನಲ್ಲಿ ಗಾಡಿಗಳನ್ನು ಪರೀಕ್ಷಿಸುವ ಮುದುಕ. ಆ ಕ್ಲಬ್ಬಿನಲ್ಲಿ ಜಗತ್ತಿನ ವಸ್ತುಗಳಿಗೆಲ್ಲ ಎರಡೇ ಜಾತಿ, ಕಾರಿನ ಜೊತೆ ಹುಟ್ಟಿದ್ದು ಮತ್ತು ಆಮೇಲೆ ನೋಡಿಕೊಂಡು ಮಾಡಿದ್ದು. ಕನ್ನಡಿ, ಮಂಜಿನ ದೀಪ, ರಬ್ಬರ್ ಮ್ಯಾಟು, ಬಿಸಿಲು ತಡೆಯುವ ಪಟ್ಟಿ, ಎಲ್ಲಕ್ಕೂ ಈಗ ಹೊಸ ನಕಲು ಸಿಗುತ್ತದೆ. ನೋಡಲು ನಕಲೇ ಚೆನ್ನ. ಆದರೆ ಬಿರುಕು ಬಿಟ್ಟ ಹಳೇ ಮ್ಯಾಟಿಗಾಗಿ ಆ ಜನ ಜರ್ಮನಿಯವರೆಗೂ ಹೋಗುತ್ತಾರೆ. ಮಹಬೂಬನೂ ಹೋಗಿದ್ದಾನೆ.

"ನಮ್ಮಲ್ಲಿ ಹರಿದಿದ್ದನ್ನ ತಿಪ್ಪೆಗೆ ಹಾಕ್ತೀವಿ, ಇಲ್ಲಿ ಮೆರವಣಿಗೆ ಮಾಡ್ತೀರ," ಅಂದಳು ಕಾಶಮ್ಮ.

ಅವನು ನಕ್ಕು ಗೇರು ಹಾಕಿದ. ಅವನ ಅಂಗೈ ಅಡಿಯಿಂದ ಕಪ್ಪಗೆ ಹೊಳೆಯುವ ಗುಂಡೊಂದು ಹೊರಗೆ ಬಂತು. ಗೇರ್ ಕಡ್ಡಿಯ ತಲೆಗೆ ಸಿಕ್ಕಿಸುವ ಹಿಡಿ. ಕಾಶಮ್ಮ ಅದನ್ನು ನೋಡಿದವಳು ಕಣ್ಣು ತೆಗೆಯಲಿಲ್ಲ.

"ಅಯ್ಯೋ, ಇದೇ ಗುಂಡು. ಇದನ್ನೇ ನಿಮ್ಮಪ್ಪ ಮಾಡ್ತಿದ್ದದ್ದು."

"ಇದಲ್ಲ ಅಕ್ಕ, ಇದು ಇಂಗ್ಲೆಂಡಿನದು. ಪಕ್ಕಾ ಒರಿಜಿನಲ್."

"ಗೊತ್ತು ಕಣಪ್ಪ, ಇದನ್ನ ನೋಡ್ಕೊಂಡೇ ಅವರು ಮಾಡಿದ್ದು. ಬೆಂಗಳೂರಿಂದ ಜೆ.ಸಿ. ರೋಡಿನ ಕಾರು ಸಾಮಾನಿನ ಅಂಗಡಿಯೋನು ಕರ್ಚೀಫಲ್ಲಿ ಸುತ್ಕೊಂಡು ಬಂದಿದ್ದ. ಫಾರಿನ್ ಮಾಲು ಬರೋದು ನಿಂತೋಗಿದೆ, ಇದರ ಥರಾನೇ ಮಾಡ್ಕೊಡಿ, ಇಂಗ್ಲೆಂಡಿನದು ಅಂತ್ಲೇ ಮಾರ್ತೀನಿ, ನಿಮ್ಮ ಗುರುತು ಒಂದೂ ಇರಬಾರದು ಅಂದ. ನಿಮ್ಮಪ್ಪ ಮರದಲ್ಲಿ ಕಡೆದು ಮೇಲೆ ಕಪ್ಪು ಅರಗು ಹತ್ತಿಸಿ, ಎರಡನ್ನೂ ಪಕ್ಕದಲ್ಲಿಟ್ರೆ ಅಂಗಡಿಯೋನಿಗೇ ಯಾವುದು ಯಾವುದು ಗೊತ್ತಾಗ್ಲಿಲ್ಲ. ಅವತ್ತು ನಮಗೆಲ್ಲ ಬೋಂಡ ತರಿಸಿದ್ರು."

ಮಹಬೂಬನ ಮುಖ ಅರಳಿತು. "ಅಂದ್ರೆ ಗುರುತೇ ಇರಲಿಲ್ವಾ?"

"ಅವರು ಹಾಕಿದ್ದು ಇರಲಿಲ್ಲ. ನಾವು ಹಾಕಿದ್ದಿತ್ತು." ಕಾಶಮ್ಮ ನಕ್ಕಳು. ಹಳೆಯ ತುಂಟತನ ನೆನಪಾದ ನಗು ಅದು. "ಬಣ್ಣಕ್ಕೆ ಕೂರ್ತಿದ್ದೋರು ನಾವು ನಾಲ್ಕು ಜನ ಹೆಂಗಸರು. ಬರೀ ಮರದ ಮೈಗೆ ಮೊದಲ್ನೇ ಬಣ್ಣಾನೇ ಕರೀದು ಹಾಕು ಅಂದ್ರೆ ಯಾರು ಹಾಕ್ತಾರೆ? ನಮ್ಮತ್ತಿಗೆ ಅರಗಿನ ಕಡ್ಡಿ ಕೆಳಗಿಟ್ಟು ಎದ್ದೇಬಿಟ್ಲು. ಮೊದಲು ಅರಿಶಿನದ ಬಣ್ಣ, ಆಮೇಲೆ ನಿಮ್ಮ ಕಪ್ಪು, ಇಲ್ದಿದ್ರೆ ನಾ ಮನೆಗೆ ಹೋಗ್ತೀನಿ ಅಂದ್ಲು. ನಿಮ್ಮಪ್ಪ ಉರ್ದುನಲ್ಲಿ ಏನೇನೋ ಬೈದ್ರು. ಆಮೇಲೆ ಹಾಕ್ಕೊಳಮ್ಮ, ಕೆಳಗಿದ್ರೆ ಯಾರಿಗೆ ಕಾಣುತ್ತೆ ಅಂದ್ರು. ಅಲ್ಲಿಂದ ಒಂದೊಂದು ಗುಂಡಿಗೂ ತೆಳ್ಳಗೆ ಹಳದಿ ಅರಗು ಹತ್ತಿಸಿ, ತಾಳೆಗರಿ ಹಿಡಿದು ನಯ ಮಾಡಿ, ಅದರ ಮೇಲೆ ಕಪ್ಪು. ಮಿಕ್ಕ ಯಾವ ಶೆಡ್ಡಲ್ಲೂ ಹಂಗೆ ಮಾಡಿದ್ದು ನಾ ಕಾಣೆ."

ಕಾರು ನಿಧಾನವಾಯಿತು. ಮಹಬೂಬ ಅದನ್ನು ರಸ್ತೆಯ ಬದಿಗೆ, ಕಾಲುವೆಯ ಪಕ್ಕದ ಹುಲ್ಲಿಗೆ ಇಳಿಸಿ ನಿಲ್ಲಿಸಿದ. ಹಿಂದಿನಿಂದ ಬಂದ ಸೈಕಲ್ಲಿನ ಹೆಂಗಸು ಗಂಟೆ ಬಾರಿಸಿ ಬೈದುಕೊಂಡು ಹೋದಳು.

"ಹಳದಿ," ಅಂದ ಅವನು. "ಕಪ್ಪು ಸವೆದ ಕಡೆ ಹಳದಿ ಕಾಣ್ತಿತ್ತಾ?"

"ಕಾಣ್ದೆ ಇರ್ತದಾ? ವರ್ಷಗಟ್ಟಲೆ ಕೈ ಉಜ್ಜಿದ್ರೆ ಕಂಡೇ ಕಾಣ್ತದೆ. ಯಾಕೆ?"

ಅವನು ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತೇ ಇದ್ದ. ಹಾಗೆ ಕೂತೇ ಹೇಳಿದ. ಅವನು ಕೊಂಡಾಗ ಆ ಕಾರಿಗೆ ಬೇರೆ ಗುಂಡಿತ್ತು. ಅದೂ ಕಪ್ಪು, ಮರದ್ದು. ಮೇಲ್ಭಾಗದಲ್ಲಿ, ಅಂಗೈ ಕೂರುವ ಜಾಗದಲ್ಲಿ, ಕಾಸಗಲ ಹಳದಿ ಎದ್ದಿತ್ತು. ಕ್ಲಬ್ಬಿಗೆ ಪರೀಕ್ಷೆಗೆ ಒಯ್ದಾಗ ಹ್ಯೂಬ್ ಅದನ್ನು ಉಗುರಿನಿಂದ ಕೆರೆದು, ಎಲ್ಲರೆದುರು ನಕ್ಕಿದ್ದ. ಇಂಗ್ಲೆಂಡಿನದು ಒಳಗೂ ಹೊರಗೂ ಕಪ್ಪು, ಇದು ಯಾರೋ ಮನೆಯಲ್ಲಿ ಕೂತು ಮಾಡಿದ ನಕಲು, ಬಣ್ಣ ಬಳಿಯಲೂ ಬಂದಿಲ್ಲ ಅಂದಿದ್ದ. ಮಹಬೂಬನಿಗೆ ಮುಖ ತೋರಿಸಲಾಗಲಿಲ್ಲ. ಹದಿನೈದು ದಿನದೊಳಗೆ ಇಂಗ್ಲೆಂಡಿನಿಂದ ಅಸಲಿ ಗುಂಡು ತರಿಸಿದ. ಹಳೆಯದನ್ನು ತಿರುಪಿ ಬಿಚ್ಚಿ, ಕ್ಲಬ್ಬಿನವರು ನಕಲು ಸಾಮಾನು ಹಾಕಲೆಂದೇ ಇಟ್ಟಿದ್ದ ಪೆಟ್ಟಿಗೆಗೆ ತನ್ನ ಕೈಯಾರೆ ಹಾಕಿದ.

"ನನ್ನ ಕೈಯಲ್ಲೇ ಇತ್ತು ಅಕ್ಕ. ನಾಲ್ಕು ತಿಂಗಳು ಅದನ್ನ ಹಿಡ್ಕೊಂಡೇ ಓಡಾಡಿದ್ದೀನಿ."

ಕಾಶಮ್ಮನಿಗೆ ಹಳದಿಯ ವಿಷಯ ಎತ್ತದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಆದರೆ ಇಲ್ಲದ್ದು ಸೇರಿಸಬೇಡಿ ಅಂದವನಿಗೆ ಇದ್ದದ್ದನ್ನು ಮುಚ್ಚಿಡುವುದು ಹೇಗೆ.

"ಪೆಟ್ಟಿಗೆ ಅಲ್ಲೇ ಇರಬೋದಲ್ಲಪ್ಪ," ಅಂದಳು ಕೊನೆಗೆ.

ಅವತ್ತೇ ಹೊರಟರು. ಕ್ಲಬ್ಬಿನ ಶೆಡ್ಡು ಇದ್ದದ್ದು ಕಾಪೆಲ್ಲೆ ಆನ್ ಡೆನ್ ಐಸೆಲ್ ಎಂಬ ದೂರದ ಊರಿನಲ್ಲಿ, ಆಫೀಸು ಕಟ್ಟಡಗಳ ಹಿಂದೆ. ಹೆರಾಲ್ಡು ದೊಡ್ಡ ರಸ್ತೆಯಲ್ಲಿ ಏದುಸಿರು ಬಿಡುತ್ತ ಓಡಿತು. ಬಲಗಡೆಯಿಂದ ಬಂದ ಲಾರಿಯೊಂದನ್ನು ಅವನು ನೋಡಲೇ ಇಲ್ಲ. ಕಾಶಮ್ಮ ಕಿರುಚಿದ ಮೇಲೆ ಬ್ರೇಕು ಒತ್ತಿದ. "ಇನ್ನು ಜಾಸ್ತಿ ದಿನ ಓಡ್ಸೋಕೆ ಬಿಡಲ್ಲ ಡಾಕ್ಟ್ರು," ಅಂದ, ಬೇರೆ ಯಾರದೋ ಸುದ್ದಿ ಹೇಳುವವನಂತೆ.

ಹ್ಯೂಬ್ ಉದ್ದನೆಯ ಮುದುಕ. ನೀಲಿ ಕೋಟು, ಕೈಯೆಲ್ಲ ಗ್ರೀಸು. ಕೆಟ್ಟವನಲ್ಲ. ಕಾಶಮ್ಮನಿಗೆ ಕುರ್ಚಿ ತಂದುಕೊಟ್ಟ, ಕಾಫಿ ಕೊಟ್ಟ, ಜೊತೆಗೆ ಒಂದೇ ಒಂದು ಬಿಸ್ಕತ್ತು. ಪೆಟ್ಟಿಗೆ ತೋರಿಸಿದ. ಅದರಲ್ಲಿ ಪ್ಲಾಸ್ಟಿಕ್ಕಿನ ಕನ್ನಡಿಗಳು, ತಗಡಿನ ಬಿಲ್ಲೆಗಳು. ಮರದ್ದು ಒಂದೂ ಇರಲಿಲ್ಲ. ಮಹಬೂಬ ಡಚ್ಚಿನಲ್ಲಿ ಕೇಳಿದ, ಹ್ಯೂಬ್ ಹೇಳಿದ, ಮಹಬೂಬ ಮತ್ತೆ ಅದನ್ನೇ ಕೇಳಿದ. ಮುದುಕ ಕೈ ಎರಡೂ ಬಿಚ್ಚಿ, ಮೂಲೆಯಲ್ಲಿದ್ದ ಕಬ್ಬಿಣದ ಬುಟ್ಟಿಯ ಕಡೆ ತೋರಿಸಿದ.

"ಏನಂತೆ?" ಅಂದಳು ಕಾಶಮ್ಮ.

"ಪ್ರತಿ ಚಳಿಗಾಲ ಮುಗಿಯೋವಾಗ ಇಲ್ಲಿ ಒಂದು ಊಟ ಇರುತ್ತೆ ಅಕ್ಕ. ಹೊರಗೆ ಆ ಬುಟ್ಟೀಲಿ ಬೆಂಕಿ ಹಾಕಿ, ಸುತ್ತ ನಿಂತ್ಕೊಂಡು ಬಟಾಣಿ ಸೂಪು ಕುಡೀತಾರೆ. ನಕಲು ಸಾಮಾನಲ್ಲಿ ಮರದ್ದಿದ್ರೆ ಅದನ್ನೇ ಬೆಂಕಿಗೆ ಹಾಕೋದು ಪದ್ಧತಿ. ತಮಾಷೆಗೆ. ಒಂದೊಂದು ಹಾಕೋವಾಗ್ಲೂ ಎಲ್ಲರೂ ಹೋ ಅಂತಾರೆ."

ಅವನಿಗೆ ಹೇಳಲೇಬೇಕೆನ್ನಿಸಿತೋ ಏನೋ, ಹ್ಯೂಬನಿಗೆ ಆ ಗುಂಡು ಎಲ್ಲಿಯದು, ಯಾವ ಕಾಲದ್ದು ಎಂದು ಹೇಳಿದ. ಮುದುಕ ಕನ್ನಡಕ ತೆಗೆದು ಒರೆಸಿದ. ಮಹಬೂಬನ ಭುಜದ ಮೇಲೆ ಕೈಯಿಟ್ಟು ಏನೋ ಅಂದ. ಅದನ್ನು ಮಹಬೂಬ ಕಾಶಮ್ಮನಿಗೆ ಹೇಳಿದ್ದು ಕಾರಿನಲ್ಲಿ ಕೂತ ಮೇಲೆ.

"ಆ ಕಾಲದ್ದೇ ಅಂತ ಗೊತ್ತಿದ್ರೆ ಅದನ್ನೂ ಒರಿಜಿನಲ್ ಅಂತ್ಲೇ ಪಾಸ್ ಮಾಡ್ತಿದ್ನಂತೆ. ಕಾರಿನ ಜೊತೆ ಬೆಂಗಳೂರಲ್ಲೇ ಹಾಕಿದ್ದು ತಾನೇ, ಅದೇ ಅದಕ್ಕೆ ಸರಿಯಾದ್ದು ಅಂದ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಬಾಯಿಬಿಟ್ಟ. ಈ ಸಲ ದನಿ ಬೇರೆಯಾಗಿತ್ತು.

"ಆ ವರ್ಷದ ಬೆಂಕಿಗೆ ನಾನೂ ನಿಂತಿದ್ದೆ ಅಕ್ಕ. ಕೈ ಕಾಯಿಸ್ಕೊಂಡೆ. ನಡುವೆ ಒಂದು ವಾಸನೆ ಬಂತು. ಏನೋ ಗೊತ್ತಿರೋ ವಾಸನೆ. ಕಣ್ಣಲ್ಲಿ ನೀರು ಬಂತು. ಪಕ್ಕದೋನು ಹೊಗೆ ಅಂದ, ನಾನೂ ಹೊಗೆ ಇರ್ಬೇಕು ಅಂದ್ಕೊಂಡೆ. ಮನೆಗೆ ಬಂದು ಶಹನಾಜ್‌ಗೆ ಹೇಳಿದ್ದೆ, ಇವತ್ತು ಯಾಕೋ ಊರು ನೆನಪಾಯ್ತು ಅಂತ."

ಕಾಶಮ್ಮ ಕಿಟಕಿಯ ಕಡೆ ತಿರುಗಿದಳು. ಅರಗು ಬೆಂಕಿಗೆ ಬಿದ್ದರೆ ಹೇಗೆ ಉರಿಯುತ್ತದೆಂದು ಆಕೆಗೆ ಗೊತ್ತಿತ್ತು. ಮೊದಲು ಗುಳ್ಳೆ ಏಳುತ್ತದೆ, ಕಪ್ಪು ಕರಗಿ ಹರಿಯುತ್ತದೆ, ಆಮೇಲೆ ಹಳದಿ. ಒಂದು ಗಳಿಗೆ ಗುಂಡು ಪೂರ್ತಿ ಹಳದಿಯಾಗಿ ಕಂಡಿರಬೇಕು. ಅದನ್ನು ಅವನಿಗೆ ಹೇಳಲಿಲ್ಲ. ಅವನು ಕೇಳಲೂ ಇಲ್ಲ.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಮಹಬೂಬ ಬಿಡಲಿಲ್ಲ. ಅಪ್ಪ ಮಾಡಿದ್ದು ಒಂದೇ ಅಲ್ಲವಲ್ಲ, ಬುಟ್ಟಿಗಟ್ಟಲೆ ಬೆಂಗಳೂರಿಗೆ ಹೋಗುತ್ತಿತ್ತು ಅಂತ ಕಾಶಕ್ಕನೇ ಹೇಳಿದ್ದಾಳೆ. ಹೆರಾಲ್ಡ್ ಇಟ್ಟುಕೊಂಡಿದ್ದ ವಿದೇಶದವರು ಬೆಂಗಳೂರಲ್ಲಿ ಆ ಡಚ್ಚನೊಬ್ಬನೇ ಇದ್ದನಾ? ಯಾರೋ ಒಬ್ಬರು ತಮ್ಮ ಕಾರನ್ನೋ, ಬರೀ ಗುಂಡನ್ನೋ ತಂದೇ ಇರುತ್ತಾರೆ. ಅವನು ಹಳೇ ಕಾರಿನವರ ಜಾತ್ರೆಗಳಿಗೆಲ್ಲ ಹೋದ. ಕಂಪ್ಯೂಟರಿನಲ್ಲಿ ಇಂಗ್ಲೆಂಡ್, ಬೆಲ್ಜಿಯಂ, ಪೋರ್ಚುಗಲ್ಲಿನವರನ್ನೆಲ್ಲ ಕೇಳಿದ. ಕಪ್ಪಗೆ, ದುಂಡಗೆ, ಮರದ್ದು ಅಂತ ಕಂಡರೆ ಸಾಕು, ತರಿಸುತ್ತಿದ್ದ. ಬಂದ ಕೂಡಲೆ ಕಾಶಮ್ಮನ ಹತ್ತಿರ ತರುತ್ತಿದ್ದ.

ಆಕೆ ಗುಂಡನ್ನು ಮೊದಲು ಅಂಗೈಯಲ್ಲಿ ಗಟ್ಟಿಯಾಗಿ ಉಜ್ಜಿ ಮೂಸುತ್ತಿದ್ದಳು. ಆಮೇಲೆ ತಿರುಗಿಸಿ, ತಿರುಪು ಕೂರುವ ತೂತಿನ ಅಂಚಿನಲ್ಲಿ, ಹಣ್ಣು ಕೊಯ್ಯುವ ಚಾಕುವಿನ ತುದಿಯಿಂದ ಸ್ವಲ್ಪವೇ ಕೆರೆಯುತ್ತಿದ್ದಳು. ಕಪ್ಪಿನ ಕೆಳಗೆ ಬಿಳಿ ಮರ. ಕಪ್ಪಿನ ಕೆಳಗೆ ಕಂದು ಮರ. ಒಂದರಲ್ಲಿ ಮಾತ್ರ ಕಪ್ಪಿನ ಕೆಳಗೆ ಮರದ ಬದಲು ಇನ್ನೊಂದು ಬಣ್ಣ, ಕೆಂಪು, ಬಂತು. ಮಹಬೂಬ ಕುರ್ಚಿಯಿಂದ ಎದ್ದೇಬಿಟ್ಟ.

"ಕೂತ್ಕೋ," ಅಂದಳು ಕಾಶಮ್ಮ. "ಇದು ಪೇಂಟು. ಅರಗಲ್ಲ."

"ಅಲ್ವಾ?"

"ಅಲ್ಲಪ್ಪ."

ಶಹನಾಜ್ ಮೊದಮೊದಲು ಸುಮ್ಮನಿದ್ದಳು. ಆಮೇಲೆ ಅವಳಿಗೂ ಸಾಕಾಯಿತು. ಒಂದು ದಿನ ಕಾಶಮ್ಮ ಅವರ ಮನೆಯಲ್ಲಿ ಕೂತಿದ್ದಾಗ ಡ್ರಾಯರು ಎಳೆದು ತೋರಿಸಿದಳು. ಒಳಗೆ ಕಪ್ಪು ಗುಂಡುಗಳು ಬದನೆಕಾಯಿಯ ಹಾಗೆ ಒತ್ತೊತ್ತಾಗಿ ತುಂಬಿದ್ದವು.

"ನೋಡಿ ಕಾಶಮ್ಮನೋರೇ. ಜನ ಮನೇಲಿ ಚಮಚ ಇಡ್ತಾರೆ, ನಮ್ಮನೇಲಿ ಇದು. ಕಾರು ಒಂದು, ಗೇರು ಒಂದು, ಗುಂಡು ಒಂದು ಮದುವೆ ಮನೆಗಾಗೋಷ್ಟು."

"ಒಂದಾದ್ರೂ ಸಿಗುತ್ತೆ ಬಿಡು," ಅಂದ ಮಹಬೂಬ ಸೋಫಾದಿಂದ.

"ಸಿಕ್ಕಿತ್ತಲ್ಲ ರೀ," ಅಂದಳು ಶಹನಾಜ್. ಅಂದ ಮೇಲೆ ನಾಲಿಗೆ ಕಚ್ಚಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿ ಪಾತ್ರೆಗಳ ಸದ್ದು ಮಾಡಿದಳು. ತಿರುಗಿ ಬರುವಾಗ ತಟ್ಟೆಯಲ್ಲಿ ಸಮೋಸ ಇತ್ತು, ಅವಳ ಕಣ್ಣು ಕೆಂಪಗಿತ್ತು.

ಮುಂದಿನ ಚಳಿಗಾಲದ ಹೊತ್ತಿಗೆ ಡಾಕ್ಟರು ಲೈಸೆನ್ಸು ಬಿಡಿಸಿದರು. ಹೆರಾಲ್ಡನ್ನು ಕೊಳ್ಳಲು ಉತ್ತರದ ಕಡೆಯಿಂದ ಗಂಡ ಹೆಂಡತಿ ಬಂದಿದ್ದರು. ಅವರು ಕಾರಿನ ಸುತ್ತ ತಿರುಗಿ, ಮಂಡಿಯೂರಿ ನೋಡಿ, ಗೇರಿನ ಗುಂಡನ್ನು ಸವರಿ, ಇದೂ ಒರಿಜಿನಲ್ಲಾ ಅಂದರು. ಮಹಬೂಬ ಹೌದು ಅಂದ. ಅವರು ಖುಷಿಯಾದರು. ಕಾರು ತಿರುವು ದಾಟಿ ಹೋಗುವಾಗ ಅವನು ಬೇರೆ ಕಡೆ ನೋಡುತ್ತ ನಿಂತಿದ್ದ. ಕಾರು ಯಾವ ಕಡೆಗೆ ಹೋಯಿತು ಎಂದು ಅವನಿಗೆ ಕಂಡಿರಲಿಲ್ಲ.

"ಹೋಯ್ತಾ?" ಅಂದ.

"ಹೋಯ್ತು," ಅಂದಳು ಕಾಶಮ್ಮ.

ಕೆಲಸವೂ ಹೋಯಿತು. ಅಳೆಯುವವನಿಗೆ ಕಣ್ಣಿಲ್ಲದ ಮೇಲೆ ಇನ್ನೇನು. ಕಂಪನಿಯವರು ಮರ್ಯಾದೆಯಿಂದಲೇ ಕಳಿಸಿಕೊಟ್ಟರು. ಅವನು ಹಗಲೆಲ್ಲ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ, ಹೆರಾಲ್ಡು ನಿಲ್ಲುತ್ತಿದ್ದ ಜಾಗಕ್ಕೆ ಮುಖ ಮಾಡಿ. ಕಾಶಮ್ಮ ಮೊಮ್ಮಗಳು ಹಿತಾಳ ಕೈ ಹಿಡಿದು, ಬಸ್ಸಿನಲ್ಲಿ ಎರಡು ನಿಲ್ದಾಣ ಹೋಗಿ, ಅವನನ್ನು ನೋಡಿಕೊಂಡು ಬರುತ್ತಿದ್ದಳು. ಹಿತಾ ಅಲ್ಲಿ ಗುಂಡುಗಳನ್ನು ನೆಲದ ಮೇಲೆ ಉರುಳಿಸಿ ಆಡುತ್ತಿದ್ದಳು. ಅವನು ಉರುಳುವ ಸದ್ದಿಗೆ ಕಿವಿಗೊಟ್ಟು, ಅದು ಇಲ್ಲಿಯ ಬೀಚ್ ಅನ್ನೋ ಮರ, ಇದು ಪ್ಲಾಸ್ಟಿಕ್ಕು ಅಂತ ಹೇಳುತ್ತಿದ್ದ. ಅಪ್ಪನ ಬಗ್ಗೆ ಕೇಳಿದ್ದನ್ನೇ ಕೇಳುತ್ತಿದ್ದ. ಯಾವ ಉಗುರು ಸೀಳಿತ್ತು, ಎಡಗೈಯದಾ. ಮಂಡಿ ಹೇಗೆ ಸದ್ದು ಮಾಡುತ್ತಿತ್ತು. ಕಾಶಮ್ಮನಿಗೆ ಹೇಳಲು ಹೊಸದೇನೂ ಉಳಿದಿರಲಿಲ್ಲ. ಇಲ್ಲದ್ದನ್ನು ಸೇರಿಸಲಿಲ್ಲ.

ಒಂದು ಸಲ ಆಕೆಯೇ ಹೇಳಿ ನೋಡಿದಳು: "ಊರಿಂದ ಅರಗು ತರಿಸಿದ್ರೆ ಒಂದು ಗುಂಡು ನಾನೇ ಮಾಡ್ಕೊಡ್ತೀನಿ. ಕೆಳಗೆ ಹಳದಿ, ಮೇಲೆ ಕಪ್ಪು. ಬಣ್ಣ ಹಾಕಿದ್ದ ಕೈಯಂತೂ ಇದೇ ಅಲ್ವಾ."

ಮಹಬೂಬ ಆಕೆಯ ಕೈ ತಡವಿ ಹಿಡಿದುಕೊಂಡ. ಗಂಟುಗಂಟಾದ ಬೆರಳುಗಳು.

"ಬೇಡ ಅಕ್ಕ. ಅದೂ ನೋಡ್ಕೊಂಡು ಮಾಡಿದ್ದೇ ಆಗುತ್ತೆ."

ಅವನು ಹೋದದ್ದು ರಂಜಾನಿಗೆ ಸ್ವಲ್ಪ ಮುಂಚೆ, ನಿದ್ದೆಯಲ್ಲಿ, ಎದೆ ನಿಂತು. ಅಪ್ಪನದೂ ಎದೆಯೇ ಅಂತ ಕಾಶಮ್ಮ ಅಂದುಕೊಂಡಳು. ಮಣ್ಣಿನ ದಿನ ಹ್ಯೂಬ್ ಕಪ್ಪು ಕೋಟು ಹಾಕಿಕೊಂಡು ಬಂದು ಹಿಂದಿನ ಸಾಲಿನಲ್ಲಿ ನಿಂತಿದ್ದ. ಶಹನಾಜ್ ಡ್ರಾಯರನ್ನು ಹಾಗೇ ಮುಚ್ಚಿಟ್ಟಿದ್ದಾಳೆ, ತೆಗೆಯುವುದಿಲ್ಲ.

ಕಾಶಮ್ಮ ಅವನನ್ನು ಕಡೆಯ ಸಲ ಕಂಡದ್ದು ಅವನು ಹೋಗುವುದಕ್ಕೆ ಒಂದು ವಾರ ಮುಂಚೆ. ಪೋರ್ಚುಗಲ್ಲಿನಿಂದ ಒಂದು ಪೊಟ್ಟಣ ಬಂದಿತ್ತು. ಕಳಿಸಿದವನು ಅದು ಹಿಂದೆ ಗೋವಾದಲ್ಲಿದ್ದವರ ಕಾರಿನದು ಅಂದಿದ್ದನಂತೆ. ಹಾಗಾಗಿ ಮಹಬೂಬ ಬೆಳಗಿನಿಂದ ಏನೂ ತಿನ್ನದೆ ಕಾದು ಕೂತಿದ್ದ. ಪೊಟ್ಟಣವನ್ನು ತಾನು ಬಿಚ್ಚಿರಲಿಲ್ಲ, ಶಹನಾಜಳಿಗೂ ಬಿಚ್ಚಲು ಬಿಟ್ಟಿರಲಿಲ್ಲ.

ಕಾಶಮ್ಮ ಬಿಚ್ಚಿದಳು. ಕಪ್ಪು ಗುಂಡು, ಮೇಲೆ ಸವೆದು ಮಂಕಾಗಿತ್ತು. ಅಂಗೈಯಲ್ಲಿ ಉಜ್ಜಿದಳು. ಮೂಸಿದಳು. ಏನೂ ಬರಲಿಲ್ಲ. ತೂಕದಲ್ಲೇ ಅವಳಿಗೆ ತಿಳಿದುಹೋಗಿತ್ತು. ಆದರೂ ಚಾಕು ತೆಗೆದುಕೊಂಡಳು. ಅವನು ಮುಂದಕ್ಕೆ ಬಾಗಿ, ಕಣ್ಣು ಮುಚ್ಚಿ, ಕೆರೆಯುವ ಸದ್ದನ್ನೇ ಕೇಳುತ್ತಿದ್ದ. ತೂತಿನ ಅಂಚಿನಿಂದ ಕಪ್ಪು ಪುಡಿ ಉದುರಿತು. ಅದರ ಕೆಳಗೂ ಕಪ್ಪೇ ಇತ್ತು. ಮರವೇ ಇರಲಿಲ್ಲ ಅಲ್ಲಿ, ಒಳಗೂ ಹೊರಗೂ ಒಂದೇ ಪ್ಲಾಸ್ಟಿಕ್ಕು.

"ಅಲ್ಲಪ್ಪ," ಅಂದಳು ಕಾಶಮ್ಮ.

ಮಹಬೂಬ ಬಾಗಿದವನು ಹಿಂದಕ್ಕೆ ಒರಗಲಿಲ್ಲ. ಕೈ ಚಾಚಿ, ಆಕೆಯ ಮೊಣಕೈಯನ್ನು ಹುಡುಕಿ ಹಿಡಿದ. ಅಡುಗೆಮನೆಯಲ್ಲಿ ಶಹನಾಜ್ ನಲ್ಲಿ ನಿಲ್ಲಿಸಿದ್ದು ಕೇಳಿಸಿತು.

"ಇನ್ನೂ ಸ್ವಲ್ಪ ಒಳಕ್ಕೆ ಕೆರೀರಿ ಅಕ್ಕ," ಅಂದ.